ವಿದ್ಯೆಯ ಗಿಡಕ್ಕೆ ಸೂಜಿ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ ಧಾರವಾಡದ ಗುರುಗಳೊಬ್ಬರ ಕೈಕೆಳಗೆ ಪಿಎಚ್‌.ಡಿ. ನಡೆದಿತ್ತು. ಪೈನ್, ದೇವದಾರು ಜಾತಿಯ ಮರಗಳಲ್ಲಿ ಋತುವಿಗೆ ತಕ್ಕಂತೆ ಕಟ್ಟಿಗೆ ಹೇಗೆ ಕೂಡುತ್ತ ಹೋಗುತ್ತದೆ ಎಂಬುದು ನನ್ನ ವಿಷಯ. ಆ ಮರಗಳಿರುವುದು ಹಿಮಾಲಯದಲ್ಲಿ, ನಾನಿದ್ದದ್ದು ಬಾಗಲಕೋಟೆಯ ಬಿಸಿಲಿನಲ್ಲಿ. ಇಳಕಲ್ಲಿನ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ಅವ್ವನಿಗೆ ಇದನ್ನು ಹೇಳಿದಾಗ ಆಕೆ ಕೈ ನಿಲ್ಲಿಸದೆಯೇ, "ವರಾನೂ ಹಿಂಗ ನೋಡ್ತಿ ನೀ. ಊರಾಗ ಇಲ್ಲದ್ದ ಬೇಕು ನಿನಗ" ಎಂದಳು.

ಆದರೆ ಆ ಜಾತಿಯ ಗಿಡ ನಮ್ಮ ಕಡೆಯೂ ಇತ್ತು. ಚಪ್ಪಟೆ ಎಲೆಯ ಮೋರಪಂಖಿ. ಎಲೆ ಕಿತ್ತು ಪುಸ್ತಕದಲ್ಲಿಟ್ಟರೆ ವಿದ್ಯೆ ಹತ್ತುತ್ತದೆ ಎಂದು ಸಾಲಿಯ ಮಕ್ಕಳು ನಂಬುವ ಗಿಡ. ಬಾದಾಮಿಯ ಹಳೆಯ ಬಂಗಲೆಯೊಂದರ ಅಂಗಳದಲ್ಲಿ ಅಂಥವು ನಾಲ್ಕು, ಕಾಂಡ ತೋಳಿನಷ್ಟು ದಪ್ಪ ಬಲಿತು ನಿಂತಿದ್ದವು. ಪರವಾನಗಿ ತಂದು ಕೆಲಸ ಶುರುಮಾಡಿದೆ.

ತೊಗಟೆಯ ಕೆಳಗೆ ಒಂದು ತೆಳು ಪದರ ಇರುತ್ತದೆ. ಹೊಸ ಕಟ್ಟಿಗೆಯ ಕೋಶಗಳು ಹುಟ್ಟುವುದು ಅಲ್ಲಿಂದ. ತೇವ ಇದ್ದಾಗ ಕೋಶಗಳು ದೊಡ್ಡವಾಗಿ, ಗೋಡೆ ತೆಳುವಾಗಿ ಬರುತ್ತವೆ. ನೆಲ ಒಣಗುತ್ತ ಬಂದಂತೆ ಸಣ್ಣಗೆ, ದಪ್ಪ ಗೋಡೆಯವಾಗಿ ಬರುತ್ತವೆ. ಕೊನೆಗೆ ನಿಂತೇ ಹೋಗುತ್ತವೆ. ಆ ಪದರಕ್ಕೆ ಸೂಜಿ ಚುಚ್ಚಿದರೆ ಒಂದು ಗುರುತು ಉಳಿಯುತ್ತದೆ. ಮುಂದೆ ಗುರುತಿರುವ ಕಡೆಯ ಕಟ್ಟಿಗೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುರುತಿನ ಆಚೆಗೆ ಎಷ್ಟು ಕೋಶ ಬೆಳೆದಿವೆ ಎಂದು ಎಣಿಸಬಹುದು. ಮಳೆ, ಬಿಸಿಲು, ಹಗಲಿನ ಉದ್ದ ಇಷ್ಟು ಗೊತ್ತಾದರೆ ಆ ಎಣಿಕೆಯನ್ನು ಗಿಡ ಮುಟ್ಟದೆಯೇ ಹೇಳುವ ಲೆಕ್ಕವೊಂದನ್ನು ನಾನು ಗ್ರಾಫ್ ಹಾಳೆಗಳ ಮೇಲೆ ಕಟ್ಟಿದ್ದೆ. ಅದರ ಬಗ್ಗೆ ನನಗಿದ್ದ ಹೆಮ್ಮೆ, ಈಗ ನೆನೆದರೆ, ಸ್ವಲ್ಪ ಜಾಸ್ತಿಯೇ.

ಚಳಿಗಾಲದಿಂದ ಹದಿನೈದು ದಿನಕ್ಕೊಮ್ಮೆ ರವಿವಾರ ಬಸ್ಸು ಹಿಡಿದು ಬಾದಾಮಿಗೆ ಹೋಗಿ ನಾಲ್ಕೂ ಗಿಡಗಳಿಗೆ ಚುಚ್ಚಿ ಬರುತ್ತಿದ್ದೆ. ಅಲ್ಲಿದ್ದ ಮಾಲಿ ವಯಸ್ಸಾದವನು. ನಾನು ಕಾಕಾ ಎನ್ನುತ್ತಿದ್ದೆ. ಮೊದಲ ದಿನವೇ ಅವನು ಹತ್ತಿರ ಬಂದು ನಿಂತ.

"ಏನ್ರಿ ಅಕ್ಕಾರ, ಗಿಡಕ್ಕ ಸೂಜಿ ಮಾಡಾಕತ್ತೀರಿ? ಜ್ವರ ಬಂದಾವೇನು?"

"ಜ್ವರ ಅಲ್ಲ ಕಾಕಾ, ಹ್ಯಾಂಗ ಬೆಳಿತಾವಂತ ನೋಡಾಕ."

"ಚುಚ್ಚಿದ್ರ ಬೆಳಿತಾವು?" ಎಂದು ಗಿಡದ ಬೆನ್ನು ಸವರಿ ಹೋದ.

ಜೂನಿನಲ್ಲಿ ಚೂರುಗಳನ್ನು ತೆಗೆದು ಎಣಿಸಿದೆ. ನನ್ನ ಲೆಕ್ಕದ ಪ್ರಕಾರ ಏಪ್ರಿಲ್‌ನಲ್ಲಿ ಒಂದು ಕೋಶವೂ ಹುಟ್ಟುವಂತಿಲ್ಲ. ಎರಡು ಗಿಡಗಳು ನನ್ನ ಮಾತು ಕೇಳಿದ್ದವು. ಉಳಿದೆರಡರಲ್ಲಿ ಮಾತ್ರ, ಸುಡುವ ಬೇಸಿಗೆಯಲ್ಲಿ, ಶ್ರಾವಣದಲ್ಲಿ ಬರಬೇಕಾದಂಥ ದೊಡ್ಡ ದೊಡ್ಡ ಕೋಶಗಳು! ಒಂದು ವಾರ ತಲೆ ಕೆಡಿಸಿಕೊಂಡೆ. ಬಾದಾಮಿಯ ಹೊಂಡದ ನೀರು ನೆಲದೊಳಗೆ ಹರಿದು ಬೇರಿಗೆ ಸಿಗುತ್ತಿರಬೇಕು ಎಂದು ಎರಡು ಪುಟ ಭಾರಿ ವಿದ್ವತ್ತಿನಿಂದ ಬರೆದು ಧಾರವಾಡಕ್ಕೆ ಒಯ್ದೆ.

ಗುರುಗಳು ಓದಿ ಕನ್ನಡಕ ತೆಗೆದರು. "ಭಾಳ ಚಂದ ಬರದೀರಿ. ಆದ್ರ ಹೊಂಡದ ನೀರು ಎರಡಕ್ಕಷ್ಟ ಸಿಕ್ಕಾವಲ್ಲ, ಉಳಿದೆರಡು ಏನ್ ಪಾಪ ಮಾಡ್ಯಾವು?"

ಮುಖ ಸಣ್ಣದು ಮಾಡಿಕೊಂಡು ಮರುದಿನವೇ ಬಾದಾಮಿಗೆ ಹೋದೆ. ಕಾಕಾ ಪಾತಿ ಕೆದರುತ್ತಿದ್ದ. "ಈ ಎರಡು ಗಿಡಕ್ಕ ಯಾರರ ನೀರ ಹಾಕ್ಯಾರೇನು?" ಎಂದು ಕೇಳಿದೆ.

ಅವನು ನೆಲ ನೋಡಿದ. "ನಾನ ಹಾಕೇನ್ರಿ. ಯುಗಾದಿ ಆದಮ್ಯಾಲೆ ದಿನಾ ಎರಡೆರಡು ಕೊಡ. ನೀವು ಹಂಗ ಚುಚ್ಚಿ ಚುಚ್ಚಿ ಹೋಗ್ತೀರಿ, ನನಗ ನೋಡಾಕ ಆಗಲಿಲ್ಲ."

"ಮತ್ತ ಆ ಎರಡಕ್ಕ?"

"ಅವು ಬಾವಿಗೆ ದೂರ ಅದಾವ್ರಿ. ನನ್ನ ಮಣಕಾಲು ನೋಯ್ತಾವು."

ಸಿಟ್ಟು ಬರಬೇಕಾಗಿತ್ತು, ನಗು ಬಂತು. ಅವನೂ ಅನುಮಾನಿಸುತ್ತಲೇ ನಕ್ಕ. ಕೊಡ ತರಿಸಿ ಎಷ್ಟು ನೀರು ಹಿಡಿಯುತ್ತದೆಂದು ಅಳೆದೆ. ಬಾಗಲಕೋಟೆಗೆ ಬಂದು, ಆ ನೀರನ್ನು ಆ ಎರಡು ಗಿಡಗಳ ಮೇಲೆ ಬಿದ್ದ ಮಳೆ ಎಂದುಕೊಂಡು ಲೆಕ್ಕ ಮತ್ತೆ ಮಾಡಿದೆ. ಏಪ್ರಿಲ್ ಕೋಶಗಳು ಹಾಳೆಯ ಮೇಲೂ ಹುಟ್ಟಿದವು, ಆದರೆ ನಾನು ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಅಷ್ಟು ಬಿಸಿಲಿಗೆ ಬೆಳವಣಿಗೆ ತಾನಾಗಿಯೇ ನಿಲ್ಲುತ್ತದೆ ಎಂದು ನಾನು ಮೊದಲೇ ನಿರ್ಧರಿಸಿಬಿಟ್ಟಿದ್ದೆ. ಗಿಡವನ್ನು ತಡೆದಿದ್ದು ಬಿಸಿಲಲ್ಲ, ಒಣ ನೆಲ. ಅದನ್ನು ತಿದ್ದಿದ ಮೇಲೆ ಎರಡೂ ಎಣಿಕೆಗಳು ಹತ್ತಿರ ಬಂದವು. ನಾನಾಗಿ ಇಂಥ ಪ್ರಯೋಗ ಹೂಡಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಗುರುಗಳಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ನೀರಾವರಿ ಅಂತ ಬರೀರಿ. ಯಾರು ಹಾಕಿದ್ರು, ಯಾಕ ಹಾಕಿದ್ರು, ಅದನ್ನೂ ಬರೀರಿ" ಎಂದರು. ಬರೆದೆ.

ಮರುವರ್ಷ ನಾನೇ ಕಾಕಾನನ್ನು ಕೇಳಿಕೊಂಡೆ: ಒಂದು ಗಿಡಕ್ಕೆ ದಿನಕ್ಕೆ ಒಂದು ಕೊಡ, ಇನ್ನೊಂದಕ್ಕೆ ಮೂರು. ಅವನು ಕೊಡಕ್ಕೊಂದರಂತೆ ಬಂಗಲೆಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆಯುತ್ತಿದ್ದ. ಒಂದು ಕೊಡದ ಗಿಡದ ಪಾಲಿಗೆ ಗೆರೆಗಳು ಹೆಚ್ಚಾಗಿ ಕಂಡವು. ಕೇಳಿದರೆ, "ಹಬ್ಬದ ದಿನಾ ಒಂದ ಕೊಡ ಹ್ಯಾಂಗ ಹಾಕೂದ್ರಿ?" ಎಂದ. ಹಬ್ಬಗಳನ್ನೂ ಪಂಚಾಂಗ ನೋಡಿ ಲೆಕ್ಕಕ್ಕೆ ಸೇರಿಸಿದೆ.