ಸೋದರಮಾವ ಕೊಟ್ಟ ಹೊಸ ಬಟ್ಟೆ

ನೆನೆದ ಕೌದಿಯನ್ನು ಎಂದಾದರೂ ಒಬ್ಬರೇ ಎತ್ತಿ ಹಿಂಡಿದ್ದೀರಾ? ಬೇಡಿ, ಸೊಂಟ ಹಿಡಿಯುತ್ತದೆ. ಮೊನ್ನೆ ಶ್ರೀರಾಮನಗರದ ನಮ್ಮ ಹಿತ್ತಲಲ್ಲಿ ನಾನು ಆ ಸಾಹಸ ಮಾಡಲು ಹೋಗಿ ಕೌದಿಯ ಸಮೇತ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿದೆ. ಹಳೆಯ ಹತ್ತಿಬಟ್ಟೆ ನೀರು ಕುಡಿದಾಗ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಹತ್ತಿದ್ದೇ ತಡ, ತಳಕಲ್ಲಿನ ತವರುಮನೆಯ ಪಡಸಾಲೆಯಲ್ಲಿ ಸೂಜಿ ಹಿಡಿದು ಕೂತ ಅಂದಿನ ಅವ್ವ ನೆನಪಾದಳು.

ಇದು ನನ್ನ ಮದುವೆಗೆಂದು ಅವಳು ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ. ನಮ್ಮ ಮನೆತನದಲ್ಲಿ ಮದುವೆಯ ಕೌದಿಗೆ ಅಂಗಡಿಯ ಬಟ್ಟೆ ಹಾಕುವುದಿಲ್ಲ. ಬಳಗದ ಮನೆಮನೆಗೆ ಹೋಗಿ, ಉಟ್ಟು ಮೆತ್ತಗಾದ ಸೀರೆ, ಧೋತರ ಕೇಳಿ ತರಬೇಕು. ಉಟ್ಟಿದ್ದನ್ನು ಕೊಟ್ಟವರು ನಮ್ಮವರು; ಹೊಸದು ಕೊಡುವುದೇನಿದ್ದರೂ ಹೊರಗಿನವರಿಗೆ. ಎಲ್ಲರೂ ಕೊಟ್ಟರು. ಚಿಕ್ಕಮ್ಮ ಹಗ್ಗದ ಮೇಲಿದ್ದ ಗಂಡನ ಲುಂಗಿಯನ್ನೇ ಸೆಳೆದುಕೊಟ್ಟದ್ದು, ಚಿಕ್ಕಪ್ಪ ಬಚ್ಚಲಿಂದ ಹೊರಬರಲಾಗದೆ ಕೂಗಾಡಿದ್ದು ಬೇರೆಯೇ ಕಥೆ.

ಉಳಿದದ್ದು ಇರಕಲ್ಲಗಡದ ಸೋದರಮಾವ, ಅವ್ವನ ಒಬ್ಬನೇ ಅಣ್ಣ. ತವರಿನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವ್ವ ಸಹಿ ಹಾಕಿಕೊಟ್ಟಿರಲಿಲ್ಲ. ಅಂದಿನಿಂದ ಅಣ್ಣ ತಂಗಿಯ ಮಾತು ನಿಂತಿತ್ತು. ಆದರೂ ಅವ್ವ ನನ್ನನ್ನು ಕರೆದುಕೊಂಡು ಹೋದಳು. ಹೊಸ್ತಿಲಲ್ಲೇ ನಿಂತು, "ಅಣ್ಣಾ, ನಿನ್ನ ಹಳೇ ರುಮಾಲ ಒಂದು ಕೊಡಪಾ, ಹುಡುಗಿ ಕೌದಿಗೆ," ಅಂದಳು.

ಮಾವ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಕೆಂಪು ಬಟ್ಟೆಯೊಂದನ್ನು ತಂದು, ಮಡಿಕೆ ಸಹ ಬಿಚ್ಚದೆ ಅವಳ ಕೈಗಿಟ್ಟ. "ಪಾಲು ಕೇಳಾಕಿಗೆ ಹಳೇದು ಹೆಂಗ ಕೊಡ್ಲಿ? ತಗೋ, ಹೊಸಾದೈತಿ."

ಬಸ್ಸಿನಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಎಸೆದುಬಿಡು ಅಂದೆ. "ಬಿಸಾಕಿದ್ರ ಅಂವ ಅಂದಿದ್ದು ಖರೇ ಆಕ್ಕೈತಿ," ಎಂದವಳೇ ಮನೆಗೆ ಬಂದು ಅದನ್ನು ಕೌದಿಯ ನಟ್ಟನಡುವೆ ಹಚ್ಚಿದಳು.

ಮದುವೆಗೆ ಮಾವ ಬರಲಿಲ್ಲ. ಮೊದಲ ಸಲ ಒಗೆದಾಗ ಆ ಕೆಂಪು ಬಣ್ಣ ಬಿಟ್ಟು ಎಲ್ಲರ ಬಟ್ಟೆಗೂ ಹತ್ತಿತು. ತುಂಡು ಕುಗ್ಗಿ ಸುತ್ತಲಿನ ಹೊಲಿಗೆಯನ್ನೆಲ್ಲ ಎಳೆದುಕೊಂಡಿತು. ಹೊದ್ದು ಮಲಗಿದರೆ ಎದೆಗೆ ಒರಟಾಗಿ ತಾಗುತ್ತಿದ್ದದ್ದು ಅದೊಂದೇ. ಮಾವನ ಮೇಲಿನ ಸಿಟ್ಟನ್ನೆಲ್ಲ ಆ ತುಂಡಿನ ಮೇಲೆ ತೀರಿಸಿಕೊಳ್ಳುತ್ತ ಬಡಿದು ಬಡಿದು ಒಗೆಯುತ್ತಿದ್ದೆ.

ಹೋದ ತಿಂಗಳು ಮಾವ ತೀರಿಹೋದ. ಮಣ್ಣಿಗೆ ಹೋಗಿದ್ದ ಅವ್ವ, ದಿನಕರ್ಮ ಮುಗಿಸಿಕೊಂಡು ನೇರ ನಮ್ಮಲ್ಲಿಗೆ ಬಂದಳು. ಚೀಲದಲ್ಲಿ ಅವನ ಹಳೆಯ ರುಮಾಲು. ಮಾವನ ಹೆಂಡತಿ ಕೊಟ್ಟದ್ದಂತೆ. "ಆ ಕೆಂಪು ತಗದು ಇದನ್ನ ಹಚ್ತೀನಿ. ಕೌದಿ ತಾ," ಅಂದಳು. ಹೊಲಸಾಗಿದೆ, ಒಗೆದು ಕೊಡುತ್ತೇನೆಂದು ಹಿತ್ತಲಿಗೆ ಒಯ್ದು ಸೊಂಟ ಉಳುಕಿಸಿಕೊಂಡದ್ದು ಆವಾಗಲೇ.

ಒಣಗಿದ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಅವ್ವ ಹೊಲಿಗೆಗೆ ಕತ್ತರಿಯ ತುದಿ ಸಿಕ್ಕಿಸಿದಳು. ಹಾಗೇ ಆ ತುಂಡಿನ ಮೇಲೆ ಅಂಗೈ ಆಡಿಸಿದಳು. ಪಕ್ಕದಲ್ಲಿದ್ದ ತನ್ನ ಸೀರೆಯ ತುಂಡಿನ ಮೇಲೂ ಆಡಿಸಿದಳು. ಮತ್ತೆ ಇದರ ಮೇಲೆ.

"ಹಳೇದಾಗೇತಲ್ಲ ಇದು," ಅಂದಳು. "ನಮ್ಮ ಬಟ್ಟಿಗತೆ ಮೆತ್ತಗ ಆಗೇತಿ. ಅಂವಗ ಯಾರೂ ಹೇಳಲಿಲ್ಲ."

ಹೇಳಬೇಕಾದವಳು ನಾನೇ ಇದ್ದೆನೇನೋ. ದಿನಾ ಹೊದೆಯುವ ನನಗೇ ಅದು ಗೊತ್ತಾಗಿರಲಿಲ್ಲ. ಅವ್ವ ರುಮಾಲನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮರುದಿನ ಅದನ್ನು ತನ್ನ ಜೊತೆಗೇ ತಳಕಲ್ಲಿಗೆ ಒಯ್ದಳು.

ಈಗ ಕೌದಿಯನ್ನು ಬಿಸಿಲಿಗೆ ಹಾಕುವಾಗ ಕೆಂಪು ತುಂಡಿರುವ ಮಗ್ಗುಲನ್ನು ಕೆಳಗೆ ಮಾಡಿ ಹಾಕುತ್ತೇನೆ. ಅದು ಇನ್ನಷ್ಟು ಮಾಸುವುದು ನನಗೆ ಬೇಕಿಲ್ಲ.