ಸೋಪಿನ ಡಬ್ಬಿಯಲ್ಲಿ ಮೇಷ್ಟ್ರ ದನಿ

ಗಂಧದ ಸೋಪಿನ ಕಾಗದ ಬಿಚ್ಚಿದರೆ ನನಗೆ ಸೋಲ್ಡರಿನ ಹೊಗೆಯೂ ಮೂಗಿಗೆ ಬಂದಂತಾಗುತ್ತದೆ. ಮೊನ್ನೆ ಭಾನುವಾರವೂ ಹಾಗೇ ಆಯಿತು. ಸ್ನಾನ ಅಲ್ಲಿಗೇ ಬಿಟ್ಟು ಬಂದು ಬೀರುವಿನ ಕೆಳಗಿನ ಡ್ರಾಯರ್ ಎಳೆದೆ. ಹಸಿರು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ಅಲ್ಲೇ ಇತ್ತು. ಮುಚ್ಚಳಕ್ಕೆ ಕೊರೆದ ತೂತುಗಳು, ಪಕ್ಕದಲ್ಲಿ ಸಾಲಾಗಿ ಕೂರಿಸಿದ ಗುಂಡಿಗಳು, ಒಳಗೊಂದು ಹಳೆಯ ಕಂಪ್ಯೂಟರ್ ಬೋರ್ಡು. ನಮ್ಮ ಮೇಷ್ಟ್ರು ಕೊನೆಗಾಲದಲ್ಲಿ ಮಾತಾಡಿದ್ದು ಇದರಿಂದ.

ದಾವಣಗೆರೆಯ ಕಾಲೇಜಿನಲ್ಲಿ ಅವರು ನಮಗೆ ಆಪರೇಟಿಂಗ್ ಸಿಸ್ಟಂ ಕಲಿಸುತ್ತಿದ್ದರು. ದಿನಾ ಹರಿಹರದಿಂದ ರೈಲಿನಲ್ಲಿ ಬರುವವರು. ರೈಲು ತಡವಾದರೆ ಪಾಠವನ್ನು ಕಾರಿಡಾರಿನಿಂದಲೇ ಶುರು ಮಾಡುತ್ತಿದ್ದರು, ಅಂಥ ಗಂಟಲು. ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಂಡರೂ ನಮ್ಮ ಪಾಠದಿಂದ ಪಾರಾಗುತ್ತಿರಲಿಲ್ಲ.

ಕರ್ನಲ್ ಅಂದರೆ ಯಂತ್ರದೊಳಗಿನ ಯಜಮಾನ. ಒಂದು ಗುಂಡಿ ಒತ್ತಿದರೂ ಸರಿ, ಒಂದು ಫೈಲು ತೆರೆದರೂ ಸರಿ, ಅದಕ್ಕೆ ಮೆಮೊರಿಯಲ್ಲಿ ಚೂರು ಜಾಗ ಬೇಕು. ಆ ಜಾಗ ಹಂಚುವ ಅಲೊಕೇಟರ್ ಒಂದೊಂದು ಬಗೆಗೂ ಬೇರೆ ಗೂಡು ಮಾಡಿ, ಜೊತೆಗೆ ಒಂದಷ್ಟು ಖಾಲಿ ಗೂಡುಗಳನ್ನು ಮುಂಚೆಯೇ ತೆಗೆದಿಟ್ಟಿರುತ್ತದೆ. ಮಂಡಕ್ಕಿ ಅಂಗಡಿಯವನು ಸಂಜೆಯ ರಶ್ಶಿಗೆ ಮೊದಲೇ ಪೇಪರ್ ಹರಿದಿಟ್ಟುಕೊಂಡ ಹಾಗೆ ಎನ್ನುತ್ತಿದ್ದರು ಮೇಷ್ಟ್ರು. ಹೆಚ್ಚು ಹರಿದರೆ ಪೇಪರ್ ದಂಡ, ಕಡಿಮೆ ಹರಿದರೆ ಗಿರಾಕಿಗಳೆದುರು ಪೇಚಾಟ. ಈಗ ಅದೇ ಪಾಠವನ್ನು ಅದೇ ವಿಭಾಗದಲ್ಲಿ ನಾನು ಮಾಡುತ್ತೇನೆ, ಮಂಡಕ್ಕಿಯವನನ್ನೂ ಬಿಟ್ಟಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷವೇ ಅವರಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇನ್ನು ಉಸಿರಾಟ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಎಂದರು ಡಾಕ್ಟರು. ಆಪರೇಷನ್ನಿಗೆ ಮುಂಚೆ ಮೇಷ್ಟ್ರು ಕೂತು ತಮ್ಮ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡರು. ನೀರು ಕೊಡು, ಫ್ಯಾನ್ ಹಾಕು, ಜಲ್ದಿ ಬಾ... ಇನ್ನೂ ಏನೇನೋ.

ಮನೆಗೆ ಬಂದ ಮೇಲೆ ಹೆಂಡತಿಯನ್ನು, ಅಂದರೆ ನಮ್ಮ ಅಮ್ಮಾವ್ರನ್ನು, ಕರೆಯಲು ಮೇಷ್ಟ್ರ ಕೈಗೆ ಸ್ಟೀಲ್ ಲೋಟ, ಚಮಚ ಬಂದವು. ಬಡಿದಾಗಲೆಲ್ಲ ಅವರ ಮುಖ ಕೆಂಪಾಗುತ್ತಿತ್ತು. ಭಿಕ್ಷೆಗೆ ಕೂತಂತಾಗುತ್ತದೆ ಎಂದು ನನಗೊಮ್ಮೆ ಸ್ಲೇಟಿನಲ್ಲಿ ಬರೆದು ತೋರಿಸಿದರು. ದೊಡ್ಡ ಫೋನು ಕೊಡಿಸಿದರೆ, ಟೈಪ್ ಮಾಡಿದ್ದನ್ನು ಅದರಲ್ಲಿ ಯಾವಳೋ ತನ್ನ ದನಿಯಲ್ಲಿ ಹೇಳುತ್ತಾಳೆಂದು ಮೂಲೆಗಿಟ್ಟರು. ಹಟಕ್ಕೆ ಬಿದ್ದವರಿಗೆ ಯಾರು ಹೇಳಬೇಕು? ಲ್ಯಾಬಿನಿಂದ ಬಿಸಾಡಲಿದ್ದ ಬೋರ್ಡೊಂದನ್ನು ತರಿಸಿಕೊಂಡು ಈ ಡಬ್ಬಿ ಕಟ್ಟಲು ಕೂತರು. ವಾರಕ್ಕೊಮ್ಮೆ ನಾನು ಹರಿಹರಕ್ಕೆ ಹೋಗಿ ಕೈ ಜೋಡಿಸುತ್ತಿದ್ದೆ.

ಗುಂಡಿ ಒತ್ತಿದ ಕೂಡಲೇ ದನಿ ಬರಬೇಕೆಂದು ಅಷ್ಟೂ ಮಾತುಗಳನ್ನು ಮೆಮೊರಿಯಲ್ಲೇ ಇಟ್ಟಿದ್ದರು. ಬೋರ್ಡಿನಲ್ಲಿ ಇದ್ದದ್ದೇ ಅಂಗೈಯಷ್ಟು ಮೆಮೊರಿ. ಹಾಗಾಗಿ ಅಲೊಕೇಟರಿಗೇ ಕತ್ತರಿ ಹಾಕಿದರು. ಒಂದೇ ಅಳತೆಯ ವಸ್ತುಗಳನ್ನು ಒಂದೇ ಗೂಡಿಗೆ ಸೇರಿಸಿದರು, ಬೇಡದ ಬಗೆಗಳನ್ನು ಕಿತ್ತುಹಾಕಿದರು. ಒಂದೊಂದು ಮಾತಾಗಿ ಒಳಗೆ ಹಿಡಿಸುತ್ತ ಬಂತು. ಕೊನೆಗೆ ಒಂದೇ ಒಂದು ಮಾತಿಗೆ ಜಾಗ ಸಾಲಲಿಲ್ಲ: "ಏನಿಲ್ಲ, ಸುಮ್ನೆ ಕರ್ದೆ."

ರೈಲಿಳಿದು ಮನೆಗೆ ಬಂದವರು ಬಾಗಿಲಲ್ಲೇ ಹೆಂಡತಿಯನ್ನು ಕೂಗಿ, ಅವರು ಒದ್ದೆ ಕೈಯಲ್ಲಿ ಬಂದು ನಿಂತರೆ ಹೇಳುತ್ತಿದ್ದದ್ದು ಅದು. ಅದನ್ನು ಬಿಡಲು ಮೇಷ್ಟ್ರು ಒಪ್ಪಲಿಲ್ಲ. ಮುಂಚೆಯೇ ಮೀಸಲಿಟ್ಟ ಖಾಲಿ ಗೂಡುಗಳನ್ನೇ ಕಿತ್ತು ಅದಕ್ಕೆ ಜಾಗ ಮಾಡಲು ಹೊರಟರು.

"ಸರ್, ಅದಷ್ಟು ಇರ್ಲಿ ಬಿಡ್ರಿ. ಅವಸರಕ್ಕೆ ಮೇಲಿಂದ ಮೇಲೆ ಒತ್ತಿದ್ರೆ ನಿಂತುಬಿಡ್ತೈತೆ," ಎಂದೆ.

ಅವರು ಸ್ಲೇಟು ಎಳೆದುಕೊಂಡು ಬರೆದರು: ಮನೆಯಲ್ಲಿ ಅಂಥ ಅವಸರ ಯಾರಿಗಿದೆ?

ಕೊನೇ ಗುಂಡಿ ಒತ್ತಿ ಡಬ್ಬಿ ಮೊದಲ ಸಲ ಆ ಮಾತಾಡಿದ ದಿನ ನಾನು ಅಲ್ಲೇ ಇದ್ದೆ. ಅಡುಗೆಮನೆಯಿಂದ ಬಂದ ಅಮ್ಮಾವ್ರು, ಕೆಲಸ ಇಲ್ಲ ನಿಮಗೆ ಎಂದು ಗದರಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹೋಗುವಾಗ ಲೋಟ, ಚಮಚವನ್ನೂ ಎತ್ತಿಕೊಂಡು ಹೋದರು. ಮೇಷ್ಟ್ರು ಸದ್ದಿಲ್ಲದೆ ನಕ್ಕರು. ಅಷ್ಟು ಖುಷಿಯಾಗಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಮ್ಮಾವ್ರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಮೇಷ್ಟ್ರ ಕುತ್ತಿಗೆಯ ತೂತಿಗೆ ಕಫ ಕಟ್ಟಿತು. ಒಳಗೆ ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಬ್ಬಿಯ ಕೆಂಪು ದೀಪ ಉರಿಯುತ್ತಿತ್ತು, ಹೆಬ್ಬೆರಳು ಮೊದಲನೇ ಗುಂಡಿಯ ಮೇಲೇ ಇತ್ತು... ಸುದ್ದಿ ತಿಳಿದು ಓಡಿದ ನಾನು ಯಾವ ಗುಂಡಿ ಒತ್ತಿದರೂ ಡಬ್ಬಿ ಉಸಿರೆತ್ತಲಿಲ್ಲ. ಉಸಿರು ಸಿಕ್ಕದ ಮನುಷ್ಯ ಒಂದೇ ಸಲ ಒತ್ತಿ ಕಾಯುತ್ತಾನೆಯೇ? ಒತ್ತಿದಷ್ಟೂ ಸಲ ಹೊಸ ಜಾಗ ಬೇಕು, ಇದ್ದ ಖಾಲಿ ಜಾಗವನ್ನು ಅವರೇ ಕಿತ್ತಿದ್ದರಿಂದ ಮಾತು ಹೊರಡುವ ಮುಂಚೆಯೇ ಡಬ್ಬಿ ನಿಂತುಬಿಟ್ಟಿತ್ತು. ನಮಗೆಲ್ಲ ಕಲಿಸಿದವರು ಅವರೇ. ಈ ಒಂದು ವಿಷಯಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೇಷ್ಟ್ರ ಶಿವಗಣಾರಾಧನೆಯ ಕಾರ್ಯ ಮುಗಿದ ಮೇಲೆ ಹೋದಾಗ, ಅದು ಕೆಟ್ಟೇ ಹೋಯಿತೋ ಏನೋ ನೋಡು ಎಂದು ಅಮ್ಮಾವ್ರು ಡಬ್ಬಿಯನ್ನು ನನ್ನ ಕೈಗಿಟ್ಟು ರೊಟ್ಟಿ ಬಡಿಯಲು ಒಳಗೆ ಹೋದರು. ಕೆಟ್ಟಿರಲಿಲ್ಲ. ಸ್ವಿಚ್ ಆರಿಸಿ ಹಾಕಿದರೆ ಒಳಗಿನ ಗೂಡುಗಳೆಲ್ಲ ಮತ್ತೆ ಖಾಲಿಯಾಗುತ್ತವೆ. ಆರಿಸಿ ಹಾಕಿದೆ, ಮುಂದಾಲೋಚನೆಯಿಲ್ಲದೆ ಮೊದಲನೇ ಗುಂಡಿ ಒತ್ತಿದೆ.

"ಜಲ್ದಿ ಬಾ," ಎಂದಿತು ಮೇಷ್ಟ್ರ ದನಿ, ಕಾರಿಡಾರಿನಲ್ಲಿ ಕೇಳುತ್ತಿದ್ದ ಅದೇ ಗಟ್ಟಿ ದನಿ.

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಕೈತುಂಬ ಹಿಟ್ಟು ಮೆತ್ತಿಕೊಂಡೇ ಅಮ್ಮಾವ್ರು ಓಡಿಬಂದರು. ಬಾಗಿಲಲ್ಲಿ ನಿಂತು ಖಾಲಿ ಮಂಚ ನೋಡಿದರು, ಆಮೇಲೆ ನನ್ನನ್ನು.

"ತಗೊಂಡು ಹೋಗವ್ವ ಅದನ್ನ," ಎಂದರು.

ಹರಿಹರಕ್ಕೆ ಈಗಲೂ ಹೋಗುತ್ತಿರುತ್ತೇನೆ. ಹೊರಡುವಾಗ ಅಮ್ಮಾವ್ರು, ಕೊನೇ ಗುಂಡಿಯ ಮಾತು ಇನ್ನೂ ಐತಾ ಎಂದು ಕೇಳುತ್ತಾರೆ. ಐತ್ರಿ ಎನ್ನುತ್ತೇನೆ. ಕೇಳಿಸು ಎಂದು ಅವರು ಹೇಳಿಲ್ಲ, ಕೇಳಿಸಲೇ ಎಂದು ನಾನೂ ಕೇಳಿಲ್ಲ. ಭಾನುವಾರ ಡಬ್ಬಿಯ ಧೂಳು ಒರೆಸುತ್ತ ಕೂತೆ. ಖಾಲಿ ಗೂಡುಗಳನ್ನು ವಾಪಸು ಇಡುವುದು ಅರ್ಧ ಗಂಟೆಯ ಕೆಲಸ. ಈಗ ಇಟ್ಟರೂ ಯಾರಿಗೆ... ಸ್ವಿಚ್ ಹಾಕದೆ ಡ್ರಾಯರ್ ಮುಚ್ಚಿದೆ.