ಒಬ್ಬನೇ ಕೇಳುಗನ ಕಛೇರಿ

ನನ್ನ ಮೊದಲ ಕಛೇರಿಗೆ ಜನ ಕೊಡ, ಬಕೆಟ್ ಹಿಡಿದುಕೊಂಡು ಬಂದರು. ತಪ್ಪು ಅವರದಲ್ಲ. ಭಾಂಡುಪ್‌ನ ನಮ್ಮ ಚಾಳಿನಲ್ಲಿ ನೀರು ಬಿಡುವ ಮುಂಚೆ ಪಂಪು ಥೇಟ್ ನನ್ನ ವಾದ್ಯದ ಹಾಗೇ ‘ಗುಂಯ್’ ಎನ್ನುತ್ತಿತ್ತು. ನಲ್ಲಿಯ ಮುಂದೆ ನಿಂತು ನಿಂತು ಸೋತವರು ಸದ್ದಿನ ಜಾಡು ಹಿಡಿದು ನನ್ನ ಬಾಗಿಲಿಗೆ ಬಂದರು. ಅಂದು ಬಿದ್ದ ಬೈಗುಳಗಳಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಇದ್ದವು. ರಾಷ್ಟ್ರೀಯ ಭಾವೈಕ್ಯವನ್ನು ನಾನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

ಉಡುಪಿ ಕಡೆಯವನಾಗಿಯೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರದೆ, ಬೈಕುಲ್ಲಾದಲ್ಲಿ ರೇಡಿಯೊ ರಿಪೇರಿಗೆ ಕೂತವನು ನಾನು. ಎಪ್ಪತ್ತರ ದಶಕದ ಮಾತು. ರದ್ದಿ ಅಂಗಡಿಯ ಪರದೇಶಿ ಪತ್ರಿಕೆಯೊಂದರಲ್ಲಿ ಸಿಂಥಸೈಜರ್ ಎಂಬ ವಾದ್ಯದ ಚಿತ್ರ ಕಂಡೆ. ತಂತಿ ಬೇಡ, ಗಾಳಿ ಬೇಡ, ಕರೆಂಟಿನಿಂದಲೇ ನಾದ ಹುಟ್ಟುತ್ತದಂತೆ! ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಧಾರಾವಿಯ ಗುಜರಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರು, ಹಳೆ ಸ್ಪೀಕರು, ಮುರುಕು ಹಾರ್ಮೋನಿಯಂನ ಒತ್ತುವ ಮನೆಗಳನ್ನು ಸೇರಿಸಿ ನಾನೂ ಒಂದನ್ನು ಕಟ್ಟಿದೆ. ಅದರಿಂದ ಹೊರಡುತ್ತಿದ್ದುದು ನಾಲ್ಕೇ ಸ್ವರ, ನಾಲ್ಕೂ ಪಾತಾಳದವು. ಕೆಲವೇ ಸ್ವರಗಳಲ್ಲಿ ಕತ್ತಲೆಯ ಆಳ ತೋರಿಸುವುದು ನನ್ನ ಶೈಲಿ ಎಂದು ಹೇಳಿಕೊಳ್ಳುತ್ತಿದ್ದೆ. ಮಿಕ್ಕ ಮನೆಗಳು ಕೆಲಸ ಮಾಡುತ್ತಿರಲಿಲ್ಲ ಎಂಬುದು ಒಳಗಿನ ಮಾತು.

ಶ್ರುತಿ ತಾಯಿ, ಲಯ ತಂದೆ ಎನ್ನುತ್ತಾರೆ ಬಲ್ಲವರು. ನನ್ನ ಸಂಗೀತಕ್ಕೆ ತಾಯಿ ಮಾತ್ರ ಇದ್ದಳು, ತಂದೆಯ ಪತ್ತೆಯಿರಲಿಲ್ಲ. ಆದರೂ ಆ ಮಂದ್ರನಾದ ಎದೆಗಿಳಿಯುವಾಗ ನನಗೆ ಎಂಥ ಸುಖವಾಗುತ್ತಿತ್ತು! ಇನ್ನೊಬ್ಬರಿಗೆ, ಒಬ್ಬರಿಗಾದರೂ, ಅದು ಹಿಡಿಸಲಿ ಎಂದು ತುಂಬ ಆಸೆಪಟ್ಟೆ.

ಹಿಡಿಸಲಿಲ್ಲ. ಒಂದು ಭಾನುವಾರ ಚಾಳಿನವರೆಲ್ಲ ಸೇರಿ, ಈ ಪೆಟ್ಟಿಗೆ ಇನ್ನು ಬಾಯಿ ತೆರೆಯಕೂಡದು ಎಂದು ತೀರ್ಮಾನಿಸಿಬಿಟ್ಟರು. ಕೊನೆಯದಾಗಿ ಒಂದೇ ಸಲ ಕೇಳಿಬಿಡಿ ಎಂದು ಗೋಗರೆದೆ. ಬಾಗಿಲಲ್ಲೇ ನಿಂತು ಮೂಗು ಮುರಿಯುತ್ತ ಕೇಳಿದರು. ಪಕ್ಕದ ಖೋಲಿಯ ಬಸಪ್ಪನವರು ಮಾತ್ರ ಒಳಗೆ ಬಂದು, ಪೆಟ್ಟಿಗೆಯ ಮೇಲೆ ಅಂಗೈಯೂರಿ ಕೂತರು. ಬಿಜಾಪುರ ಕಡೆಯವರು, ಆಯುಷ್ಯವೆಲ್ಲ ಮಿಲ್ಲಿನ ಮಗ್ಗಗಳ ಗದ್ದಲದಲ್ಲಿ ದುಡಿದು ಕಿವಿ ಕಳೆದುಕೊಂಡವರು. ಭಜನೆ, ಸಿನಿಮಾ ಹಾಡು, ಹೆಂಡತಿ ಗಂಗವ್ವನ ಕೂಗು, ಯಾವುದೂ ಅವರನ್ನು ಮುಟ್ಟುತ್ತಿರಲಿಲ್ಲ.

“ಇದು ನನಗ ಕೇಳಸ್ತೈತಿ!” ಎಂದರು ಬಸಪ್ಪನವರು. “ಬಂದ್ ಮಾಡಬ್ಯಾಡ್ರಿ ಶೆಟ್ರ. ಭಾಳ ವರ್ಷಕ್ಕ ಒಂದ್ ಹಾಡ ಕೇಳಾಕತ್ತೀನಿ.”

ನನ್ನ ಕಣ್ಣು ತುಂಬಿ ಬಂತು. ಬಾಗಿಲಲ್ಲಿದ್ದವರು ಮುರಿದ ಮೂಗನ್ನು ನೆಟ್ಟಗೆ ಮಾಡಿಕೊಂಡರು. ಮೊದಲು ಸಾವರಿಸಿಕೊಂಡವಳು ಗಂಗವ್ವ.

“ಹಂಗಾರ ಊಟದ ಹೊತ್ತಿಗೆ ಅದನ್ನ ಒಂದೀಟು ಬಾರಿಸ್ರಿ ಶೆಟ್ರ. ನಾ ಒದರಿ ಒದರಿ ಗಂಟಲು ಹರಕೊಳ್ಳೂದರ ತಪ್ಪತೈತಿ.”

ಚಾಳಿನ ಹಿರಿಯರು ನಗುತ್ತ ಒಪ್ಪಿಗೆ ಕೊಟ್ಟರು. ಅಂದಿನಿಂದ ದಿನವೂ ಸಂಜೆ, ಗಂಗವ್ವ ರೊಟ್ಟಿ ಬಡಿದು ಮುಗಿಸಿ ಗೋಡೆ ತಟ್ಟಿದೊಡನೆ ನಾನು ಪಾತಾಳದ ಸ್ವರ ಹಿಡಿಯುತ್ತಿದ್ದೆ. ಅದರ ಕಂಪನ ವರಾಂಡದ ಹಲಗೆಗೂ ಇಳಿಯುತ್ತಿತ್ತು; ಅಲ್ಲಿ ಕೂತ ಬಸಪ್ಪನವರು ಅಷ್ಟು ಹೊತ್ತು ಕಣ್ಣುಮುಚ್ಚಿ ತಲೆದೂಗಿ, ಆಮೇಲೆ ಏಳುತ್ತಿದ್ದರು. ದೊಡ್ಡ ದೊಡ್ಡ ಗವಾಯಿಗಳ ಕಛೇರಿಯಿಂದಲೂ ಜನ ಊಟದ ಹೊತ್ತಾಯಿತೆಂದು ನಡುವೆಯೇ ಎದ್ದು ಹೋಗುವುದನ್ನು ಕಂಡಿದ್ದೇನೆ. ನನ್ನ ಶ್ರೋತೃ ಮಾತ್ರ ರೊಟ್ಟಿ ಆರಿದರೂ ಸರಿಯೇ, ಪೂರ್ತಿ ಕೇಳಿಯೇ ಊಟಕ್ಕೆ ಏಳುತ್ತಿದ್ದರು.